ಚಟುವಟಿಕೆ ಮಾಡಿಯೇ ಟಿಇಟಿ ದಾಟಿದೆ: ಸಿಬಿಝಡ್‌ನವಳ ಅನುಭವ

ಡಿಗ್ರಿಯಲ್ಲಿ ನಾನು ಓದಿದ್ದು ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಈ ಸಲದ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪೇಪರಿನಲ್ಲಿ ನನಗೆ 150ಕ್ಕೆ 115ರ ಆಸುಪಾಸು ಅಂಕ ಬಂದಿವೆ. ಗಣಿತ-ವಿಜ್ಞಾನದ 60ರಲ್ಲಿ 50ಕ್ಕೆ ಒಂದೆರಡು ಕಡಿಮೆ. ಕೋಚಿಂಗಿಗೆಂದು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಲಿಲ್ಲ, ಆನ್‌ಲೈನ್ ಬ್ಯಾಚಿಗೆ ದುಡ್ಡು ಕಟ್ಟಲಿಲ್ಲ, ದಪ್ಪ ಗೈಡ್ ಕೊಳ್ಳಲಿಲ್ಲ. ಬಿ.ಇಡಿಯ ಎರಡು ವರ್ಷ ಮತ್ತು ಆಮೇಲೆ ಅತಿಥಿ ಶಿಕ್ಷಕಿಯಾಗಿದ್ದ ದಿನಗಳಲ್ಲಿ, ಆರರಿಂದ ಹತ್ತನೇ ತರಗತಿಯವರೆಗಿನ ವಿಜ್ಞಾನ ಪುಸ್ತಕಗಳ ಚಟುವಟಿಕೆಗಳನ್ನು ಕೈಯಾರೆ ಮಾಡಿದೆ. ಎಲ್ಲವನ್ನೂ ಅಲ್ಲ, ಮುಕ್ಕಾಲು ಪಾಲು ಎನ್ನಬಹುದು.

ನಮ್ಮ ಬ್ಯಾಚಿನಲ್ಲಿ ಇದನ್ನು ನಂಬಿದವರೇ ಇರಲಿಲ್ಲ. ಮಗಳು ಶಾಲೆಗೆ ಸೇರಿದ ಮೇಲೆ ಬಿ.ಇಡಿಗೆ ಹೋದವಳು ನಾನು; ಉಳಿದವರೆಲ್ಲ ನನಗಿಂತ ಹತ್ತು ವರ್ಷ ಚಿಕ್ಕವರು. "ಅಕ್ಕಾ, ಪರೀಕ್ಷೇಲಿ ನಾಲ್ಕು ಆಪ್ಷನ್ ಕೊಡ್ತಾರೆ, ಬಲ್ಬ್ ಹತ್ತಿಸಿ ತೋರ್ಸಿ ಅನ್ನಲ್ಲ. ಸುಮ್ನೆ ಟೈಮ್ ಹಾಳು" ಎಂದು ಎಷ್ಟು ಸಲ ಕೇಳಿದೆನೋ. ಬೋಧನಾ ವಿಧಾನ ಹೇಳಿಕೊಡುವ ಮೆಥಡ್ ಮೇಡಂ ಕೂಡ, "ಪಾಠ ಯೋಜನೆಗೆ ಒಳ್ಳೇದು ಕಣಮ್ಮ, ಟಿಇಟಿಗೆ ಮಾತ್ರ ಹಳೇ ಪ್ರಶ್ನೆಪತ್ರಿಕೆ ಬಿಡಿಸು" ಎಂದಿದ್ದರು. ಮೊದಲ ಸಲ ಬರೆದಾಗ ಪಾಸಾಗಲು ಬೇಕಾದ 90ಕ್ಕೆ ಆರೇಳು ಅಂಕ ಕಡಿಮೆ ಬಿತ್ತು. ಅಲ್ಲಿಗೆ ನನ್ನ ದಾರಿ ಮುಗಿಯಿತೆಂದು ಎಲ್ಲರೂ ತೀರ್ಮಾನಿಸಿದರು. ನಾನು ಮಾತ್ರ ಕೀ ಉತ್ತರ ಮುಂದಿಟ್ಟುಕೊಂಡು ಎಲ್ಲೆಲ್ಲಿ ಹೋಯಿತೆಂದು ಒಂದೊಂದಾಗಿ ಗುರುತು ಹಾಕಿದೆ. ಹೆಚ್ಚಿನವು ಹೋದದ್ದು ಗಣಿತದಲ್ಲಿ, ಇಂಗ್ಲಿಷಿನಲ್ಲಿ. ವಿಜ್ಞಾನದಲ್ಲಿ ಹೋದ ಐದಾರು ಪ್ರಶ್ನೆಗಳು ನಾನು ಬರೀ ಓದಿ ಬಿಟ್ಟಿದ್ದ ಅಧ್ಯಾಯಗಳವು. ಮಾಡಿ ನೋಡಿದ್ದರಲ್ಲಿ ಒಂದೂ ಹೋಗಿರಲಿಲ್ಲ. ಇದನ್ನು ಕಂಡ ಮೇಲೆ ನನಗೆ ಹಿಂದಕ್ಕೆ ಸರಿಯುವ ಮಾತೇ ಇರಲಿಲ್ಲ.

ವಿಜ್ಞಾನದ ಪ್ರಶ್ನೆಯಲ್ಲಿ ಕೊಡುವ ತಪ್ಪು ಆಯ್ಕೆಗಳನ್ನು ಗಮನಿಸಿ ನೋಡಿ. ಅವು ಬಹುಪಾಲು ಕೆಟ್ಟುಹೋದ ಪ್ರಯೋಗಗಳು. ಎಲೆಯನ್ನು ಸ್ಪಿರಿಟ್‌ನಲ್ಲಿ ಬೇಯಿಸದೆ ಅಯೋಡಿನ್ ಹಾಕಿದರೆ, ಗಿಡವನ್ನು ಕತ್ತಲಲ್ಲಿಡದೆ ಪರೀಕ್ಷೆ ಮಾಡಿದರೆ, ನೀರನ್ನು ವಿದ್ಯುತ್ತಿನಿಂದ ವಿಭಜಿಸುವಾಗ ಆಮ್ಲದ ಬದಲು ಉಪ್ಪು ಹಾಕಿದರೆ ಏನಾಗುತ್ತದೆ? ಓದಿ ನೆನಪಿಟ್ಟವರಿಗೆ ನಾಲ್ಕೂ ಉತ್ತರ ಸರಿ ಅನ್ನಿಸುತ್ತವೆ. ಕೆಡಿಸಿ ನೋಡಿದವರಿಗೆ ಒಂದೇ ಉಳಿಯುತ್ತದೆ.

ಪಿಷ್ಟದ ಪ್ರಯೋಗದಿಂದಲೇ ಹೇಳುತ್ತೇನೆ, ನನ್ನನ್ನು ಹೆಚ್ಚು ಸತಾಯಿಸಿದ್ದು ಅದೇ. ಬಿಸಿಲಿನಲ್ಲಿ ಎಲೆ ಪಿಷ್ಟ ತಯಾರಿಸಿದ್ದರೆ ಅಯೋಡಿನ್ ಹಾಕಿದಾಗ ಕಡುನೀಲಿಯಾಗಬೇಕು. ನಮ್ಮದು ಸಾಗರ ತಾಲ್ಲೂಕು. ಇಂಟರ್ನ್‌ಶಿಪ್ ಬಿದ್ದದ್ದು ಮಳೆಗಾಲದಲ್ಲಿ. ಪುಸ್ತಕದಲ್ಲಿ ಗಿಡವನ್ನು ಮೂರು ದಿನ ಕತ್ತಲ ಕೋಣೆಯಲ್ಲಿಟ್ಟು, ಆಮೇಲೆ ಆರು ಗಂಟೆ ಬಿಸಿಲಿಗಿಡಿ ಎಂದಿದೆ. ಜುಲೈ ತಿಂಗಳಲ್ಲಿ ಸಾಗರದಲ್ಲಿ ಆರು ಗಂಟೆ ಬಿಸಿಲು ಎಲ್ಲಿಂದ ತರುವುದು? ಕ್ರೋಟನ್ ಎಲೆ ತಂದು ಬೇಯಿಸಿ ಅಯೋಡಿನ್ ಹಾಕಿದರೆ ಹಳದಿ ಮಿಶ್ರಿತ ಕಂದು ಬಣ್ಣ ಬಿಟ್ಟು ಬೇರೇನೂ ಇಲ್ಲ. ಮನಿ ಪ್ಲಾಂಟ್ ನೋಡಿದೆ, ಅದೂ ಅಷ್ಟೇ. ಎಲ್‌ಇಡಿ ಬಲ್ಬಿನ ಕೆಳಗೆ ರಾತ್ರಿಯೆಲ್ಲ ಇಟ್ಟೆ. ಕರೆಂಟು ಹೋಗಿ ಬಂದು ಹೋಗಿ, ಅಲ್ಲಲ್ಲಿ ಒಂದು ಮಸುಕು ಕಲೆ ಬಂತಷ್ಟೆ. ಅವಲೋಕನಕ್ಕೆ ಬಂದವರ ಮುಂದೆ ಆ ಕಲೆ ತೋರಿಸಿ ಪಾಠ ಮುಗಿಸುವುದು ನನಗೆ ಬೇಡವಾಗಿತ್ತು.

ಮರುವರ್ಷ ಮೇ ತಿಂಗಳಲ್ಲೇ ಕೆಲಸ ಶುರು ಮಾಡಿದೆ. ಕತ್ತಲಲ್ಲಿಟ್ಟ ಗಿಡದ್ದೂ ಬಿಸಿಲಿಗಿಟ್ಟ ಗಿಡದ್ದೂ ಎಲೆಗಳನ್ನು ಬೇಯಿಸಿ, ಪತ್ರಹರಿತ್ತು ಪೂರಾ ಬಿಟ್ಟ ಮೇಲೆ ಬೇರೆ ಬೇರೆ ಉಪ್ಪಿನಕಾಯಿ ಬಾಟಲಿಯಲ್ಲಿ ಹೊಸ ಸ್ಪಿರಿಟ್ ಹಾಕಿ ಇಟ್ಟುಬಿಟ್ಟೆ. ಪಿಷ್ಟ ಸ್ಪಿರಿಟ್‌ನಲ್ಲಿ ಕರಗುವುದಿಲ್ಲ. ಜುಲೈನಲ್ಲಿ ಧೋ ಎಂದು ಮಳೆ ಸುರಿಯುವಾಗ ಆ ಬಿಳಿಚಿಕೊಂಡ ಎಲೆಯನ್ನು ಬಿಸಿನೀರಿಗೆ ಅದ್ದಿ ಮೆದು ಮಾಡಿ ಅಯೋಡಿನ್ ಬಿಟ್ಟರೆ ಕಡುನೀಲಿ! ಮಕ್ಕಳು ಬೆಂಚು ಬಿಟ್ಟು ಎದ್ದು ಬಂದರು. ಬಿಸಿನೀರಿಗೆ ಅದ್ದದಿದ್ದರೆ ಎಲೆ ಹಪ್ಪಳದಂತೆ ಮುರಿಯುತ್ತದೆ, ಅದೊಂದು ಜಾಗ್ರತೆ. ಸ್ಪಿರಿಟ್ ಎಂದರೆ ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್. ಕೊರೊನಾ ಕಾಲದ ಸ್ಯಾನಿಟೈಸರ್ ಜೆಲ್ ಉಳಿದಿತ್ತೆಂದು ಅದನ್ನೂ ಪ್ರಯತ್ನಿಸಿದೆ, ಎಲೆಯೆಲ್ಲ ಲೋಳೆಯಾಯಿತು. ಕಾಯಿಸುವುದು ಬಿಸಿನೀರಿನ ಪಾತ್ರೆಯೊಳಗೆ, ಒಲೆ ಆರಿಸಿದ ಮೇಲೆಯೇ. ಅಯೋಡಿನ್ ಬದಲಿಗೆ ಗಾಯಕ್ಕೆ ಹಚ್ಚುವ ಬೆಟಾಡಿನ್ ನೀರು ಬೆರೆಸಿ ಬಳಸಿದರೂ ನಡೆಯುತ್ತದೆ.

ನೀರಿನ ವಿದ್ಯುದ್ವಿಭಜನೆ ಇನ್ನೊಂದು ಕಥೆ. ಹತ್ತನೇ ತರಗತಿ ಪುಸ್ತಕದಲ್ಲಿ ಪ್ಲಾಸ್ಟಿಕ್ ಮಗ್ಗು, ಕಾರ್ಬನ್ ಕಡ್ಡಿ, 6 ವೋಲ್ಟ್ ಬ್ಯಾಟರಿ, ಕೆಲವು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ಚಿಕ್ಕ ಮಗು ಓಡಾಡುವ ಮನೆಗೆ ಆಮ್ಲ ತರುವುದು ಬೇಡವೆಂದು ಮೊದಲು ಅಡುಗೆ ಉಪ್ಪು ಹಾಕಿ ನೋಡಿದೆ. ಧನಾಗ್ರದಲ್ಲಿ ಆಮ್ಲಜನಕದ ಬದಲು ಕ್ಲೋರಿನ್ ವಾಸನೆ, ಅನಿಲದ ಅನುಪಾತ ಎಲ್ಲಿಗೋ ಹೋಯಿತು. ಕಿಟಕಿ ತೆರೆದು ಚೆಲ್ಲಿದೆ. ವಾಷಿಂಗ್ ಸೋಡಾ ಹಾಕಿದ ಮೇಲೆ ವಾಸನೆ ನಿಂತಿತು, ಆದರೆ ಪೆನ್ಸಿಲ್ ಸೀಸದ ಕಡ್ಡಿ ಪುಡಿಪುಡಿಯಾಗಿ ನೀರು ಕಪ್ಪಾಯಿತು. ಕೊನೆಗೆ ಸ್ಟೀಲ್ ಸ್ಕ್ರೂ, ಮೇಲೆ ಮಗುಚಿದ 10 ಮಿ.ಲೀ. ಸಿರಿಂಜುಗಳು. ಸಿರಿಂಜಿನ ಮೇಲೆ ಅಳತೆಯ ಗೀಟುಗಳಿರುವುದರಿಂದ ಮಕ್ಕಳೇ ಓದಿ ಹೇಳುತ್ತಾರೆ: ಹೈಡ್ರೋಜನ್ 8 ಬಂದರೆ ಆಮ್ಲಜನಕ ಹತ್ತಿರ ಹತ್ತಿರ 4. ಸ್ಕ್ರೂ ಹಾಕಿದ ತೂತು ಸೋರದಂತೆ ಮಾಡಿದ್ದು ಹೇಗೆಂದು ಇಲ್ಲಿ ಬರೆಯುವುದಿಲ್ಲ. ಆ ಮಾದರಿ ಇನ್ನೂ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗುವುದಿದೆ.

ವಿದ್ಯುತ್ ಅಧ್ಯಾಯ ಮಾಡುವವರಿಗೆ ಒಂದು ಮಾತು. ಪುಸ್ತಕದ ಚಿತ್ರದಲ್ಲಿರುವ ಟಾರ್ಚ್ ಬಲ್ಬ್ ಈಗ ಅಂಗಡಿಯಲ್ಲಿ ಕೇಳಿದರೆ ಎಲ್‌ಇಡಿ ಕೊಡುತ್ತಾರೆ. ಅದು ಒಂದು ಶೆಲ್ಲಿಗೆ ಹತ್ತುವುದಿಲ್ಲ, ತಂತಿ ತಿರುಗಿಸಿ ಹಾಕಿದರೂ ಹತ್ತುವುದಿಲ್ಲ, ಮಕ್ಕಳು ಮಂಡಲವೇ ತಪ್ಪಾಗಿದೆ ಅಂದುಕೊಳ್ಳುತ್ತಾರೆ. ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ 12 ವೋಲ್ಟಿನ ಹಳೇ ನಮೂನೆಯ ಇಂಡಿಕೇಟರ್ ಬಲ್ಬ್ ಹದಿನೈದಿಪ್ಪತ್ತು ರೂಪಾಯಿಗೆ ಸಿಗುತ್ತದೆ. ನಾಲ್ಕಾರು ಶೆಲ್ ಸೇರಿಸಿದರೆ ಕೆಂಪಗೆ ಉರಿಯುತ್ತದೆ, ಶೆಲ್ ಕಡಿಮೆ ಮಾಡಿದಂತೆ ಮಂಕಾಗುತ್ತದೆ. ನಿಕ್ರೋಮ್ ತಂತಿಗೆ ಕರೆಂಟ್ ಒಲೆಯ ಕಾಯಿಲ್ ಒಂದು ಕೊಂಡರೆ ಇಡೀ ತಾಲ್ಲೂಕಿಗೆ ಸಾಕು. ಈರುಳ್ಳಿ ಸಿಪ್ಪೆಯ ಜೀವಕೋಶಕ್ಕೆ ಬಣ್ಣ ಕೊಡಲು ಮೆಥಿಲೀನ್ ಬ್ಲೂ ಬೇಕಾದವರು ಲ್ಯಾಬ್ ಅಂಗಡಿ ಹುಡುಕಬೇಡಿ, ಮೀನಿನ ತೊಟ್ಟಿ ಮಾರುವಲ್ಲಿ ಕೇಳಿ. ಮೀನಿನ ಬೂಸ್ಟಿಗೆ ಅದನ್ನೇ ಹಾಕುತ್ತಾರೆ.

ದುಡ್ಡಿನ ವಿಚಾರಕ್ಕೆ ಬರುತ್ತೇನೆ. 2015ರಿಂದ ಬಿ.ಇಡಿ ಎರಡು ವರ್ಷವಾಗಿರುವುದರಿಂದ ಎರಡು ವರ್ಷ ನನ್ನಿಂದ ಮನೆಗೆ ಒಂದು ರೂಪಾಯಿ ಆದಾಯವಿಲ್ಲ. ಸರ್ಕಾರಿ ಕೋಟಾದಲ್ಲಿ ಸೀಟು ಸಿಕ್ಕಿದ್ದರಿಂದ ಫೀಸು ಹೇಗೋ ತೂಗಿತು. ಬಸ್ಸು, ರೆಕಾರ್ಡ್ ಪುಸ್ತಕ, ಚಾರ್ಟು ಎಂದು ಹೋದದ್ದೇ ಹೆಚ್ಚು. ಜೊತೆಯವರು ಒಂದೊಂದು ಪಾಠಕ್ಕೆ ಸಿದ್ಧ ಚಾರ್ಟಿಗೆ ನೂರೈವತ್ತು ಇನ್ನೂರು ಕೊಟ್ಟು ಪಾಠ ಮುಗಿದ ಮೇಲೆ ಅಟ್ಟಕ್ಕೆ ಎಸೆದರು. ನನ್ನ ಪ್ರಯೋಗದ ಸಾಮಾನಿಗೆ ಮೊದಲಿನಿಂದ ಕಡೆಯವರೆಗೆ ನಾಲ್ಕು ಸಾವಿರ, ಹೆಚ್ಚೆಂದರೆ ಐದು ಆಗಿರಬಹುದು. ಒಂದು ಪೇಪರಿಗೆ 700 ರೂಪಾಯಿಯಂತೆ ಟಿಇಟಿ ಫೀಸು ಬೇರೆ. ಧಾರವಾಡಕ್ಕೆ ಹೋದ ಗೆಳತಿಗೆ ಊಟ, ರೂಮು, ಕೋಚಿಂಗ್ ಸೇರಿ ನಲವತ್ತು ಸಾವಿರ ದಾಟಿತಂತೆ. ಅವಳೂ ಪಾಸಾದಳು, ಸಂತೋಷ. ಅತಿಥಿ ಶಿಕ್ಷಕಿಯಾಗಿ ನನಗಿದ್ದ 10,500ರಲ್ಲಿ ಆ ದಾರಿ ನನಗೆ ತೆರೆದಿರಲಿಲ್ಲ.

ನಮ್ಮತ್ತೆ ಮೊದಲು ಅಡುಗೆಮನೆ ಹಾಳಾಯಿತೆಂದು ಗೊಣಗಿದವರು, ಆಮೇಲೆ ಅವರೇ ಒಂದು ದಾರಿ ತೋರಿಸಿದರು. ಆಮ್ಲ-ಪ್ರತ್ಯಾಮ್ಲದ ಸೂಚಕ ಮಾಡುವಾಗ, "ಆರತಿ ನೀರಿಗೆ ಅರಿಶಿನ ಸುಣ್ಣ ಕಲಸೋದು ಇದೇ ಅಲ್ವೇನೇ?" ಎಂದರು. ಅದೇ ನನ್ನ ಪಾಠದ ಪೀಠಿಕೆಯಾಯಿತು. ತಟ್ಟೆಯಲ್ಲಿ ಕೆಂಪಾದ ನೀರಿಗೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಅಲ್ಲಿಂದ ನನಗೆ ಅಡಿಕೆ ಚೊಗರಿನ ಹುಚ್ಚು ಹಿಡಿಯಿತು. ಅಡಿಕೆ ಬೇಯಿಸಿದ ಚೊಗರಿಗೆ ಸುಣ್ಣ ಸೇರಿದರೆ ಕೆಂಪಾಗುತ್ತದೆ, ಎಲೆಅಡಿಕೆ ಹಾಕುವವರಿಗೆಲ್ಲ ಗೊತ್ತು. ಆದರೆ ಹುಳಿ ಹಿಂಡಿದರೆ ಅರಿಶಿನದಂತೆ ಪೂರ್ತಿ ಹಿಂದಕ್ಕೆ ಬರಲಿಲ್ಲ. ಸೂಚಕವಾಗಿ ಅದು ಸೋತಿತು. ತುಕ್ಕು ಹಿಡಿದ ಮೊಳೆಯನ್ನು ಅದೇ ಚೊಗರಿನಲ್ಲಿ ಬಿಟ್ಟೆ, ಕಪ್ಪು ಮಸಿಯಾಯಿತು! ಕಬ್ಬಿಣವೂ ಟ್ಯಾನಿನ್ನೂ ಸೇರಿದ ಮಸಿ. ಒಂಬತ್ತನೇ ತರಗತಿಯ ಮಕ್ಕಳು ಅದರಲ್ಲಿ ತಮ್ಮ ಹೆಸರು ಬರೆದು ಮನೆಗೆ ಒಯ್ದರು. ಪರೀಕ್ಷೆಗೆ ಇದರಿಂದ ಒಂದು ಅಂಕವೂ ಬರಲಿಲ್ಲ, ಆದರೂ ಬಿಡಲು ಮನಸ್ಸಾಗದು.

ಶಿಶು ಮನೋವಿಜ್ಞಾನದ 30 ಅಂಕಗಳಿಗೂ ಇದೇ ದಾರಿ. ಮಗುವಿನ ಯೋಚನೆ ವಯಸ್ಸಿಗೆ ತಕ್ಕಂತೆ ಹೇಗೆ ಬೆಳೆಯುತ್ತದೆಂದು ಹೇಳುವ ಪಿಯಾಜೆಯ ಹಂತಗಳನ್ನು ಬಾಯಿಪಾಠ ಮಾಡುವ ಬದಲು ಮಗಳನ್ನೂ ನಾದಿನಿಯ ಮಗನನ್ನೂ ಕೂರಿಸಿ ಮಜ್ಜಿಗೆ ಅಳೆದೆ. ಒಂದೇ ಅಳತೆಯ ಎರಡು ಲೋಟ; ಒಂದನ್ನು ಅವರೆದುರೇ ಉದ್ದ ಲೋಟಕ್ಕೆ ಸುರಿದೆ. ಐದು ವರ್ಷದ ಮಗಳು ಉದ್ದ ಲೋಟದ್ದೇ ಜಾಸ್ತಿ ಎಂದು ಹಟ ಹಿಡಿದಳು. ಒಂಬತ್ತರ ಹುಡುಗ, "ಅಷ್ಟೇ ಐತಲ್ಲ ಅತ್ತೆ, ಲೋಟ ಸಪೂರ ಅಷ್ಟೇ" ಎಂದ. ಮಗಳದು ಕಾರ್ಯಪೂರ್ವ ಹಂತ, ಅವನದು ಮೂರ್ತ ಕಾರ್ಯಗಳ ಹಂತ; ಯಾವುದು ಯಾವುದೆಂದು ಆಮೇಲೆ ನಾನು ತಡವರಿಸಿದ್ದಿಲ್ಲ.

ಗಣಿತಕ್ಕೆ ಮಾತ್ರ ಪ್ರಯೋಗ ಸಾಲದು. ಸಿಬಿಝಡ್ ಓದಿದವರೆಲ್ಲ ಎಡವುವುದು ಅಲ್ಲೇ. ಆರು, ಏಳು, ಎಂಟನೇ ತರಗತಿಯ ಅಭ್ಯಾಸದ ಲೆಕ್ಕಗಳನ್ನು ಒಂದೂ ಬಿಡದೆ ಬಿಡಿಸಿದೆ, ಬೆಳಗಿನ ಜಾವ, ದಿನಕ್ಕೆ ಒಂದು ಗಂಟೆಯಂತೆ. ಬೇರೆ ಉಪಾಯ ನನಗೆ ಸಿಗಲಿಲ್ಲ. ಭಾಷೆಗಳ ಬಗ್ಗೆ ಹೇಳುವಂಥದ್ದೇನಿಲ್ಲ, ಕನ್ನಡ ನಮ್ಮದೇ, ಇಂಗ್ಲಿಷಿಗೆ ಹಳೇ ಪ್ರಶ್ನೆಪತ್ರಿಕೆ ಬಿಡಿಸಿದೆ. ಮೇಡಂ ಹೇಳಿದ್ದು ಅಲ್ಲಿ ಕೆಲಸಕ್ಕೆ ಬಂತು.

ಪ್ರಯೋಗ ಮಾಡಿದ ದಿನವೇ ಬರೆದಿಡಿ. ನನ್ನ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಏನಾಯಿತು, ನಡುವೆ ಏಕೆ ಕೆಟ್ಟಿತು, ಬಲಕ್ಕೆ ಇದನ್ನು ಪ್ರಶ್ನೆ ಮಾಡಿದರೆ ನಾಲ್ಕು ಆಯ್ಕೆ ಏನಿರಬಹುದು ಎಂಬ ಕಾಲಂ ಇದೆ. ಈ ಬಲಗಡೆಯ ಕಾಲಂ ತುಂಬಿಸುವುದಕ್ಕೆ ನನ್ನದೇ ಒಂದು ಕ್ರಮವಿದೆ. ಅದನ್ನು ಟಿಇಟಿ ಆದ ಮೇಲೆ ಬರೆಯಬೇಕಾದ ನೇಮಕಾತಿ ಪರೀಕ್ಷೆ ಮುಗಿಯುವವರೆಗೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ, ಸ್ಪರ್ಧೆ ನನಗೂ ಇದೆ. ಈಗ ನಮ್ಮ ಬ್ಯಾಚಿನ ಇಬ್ಬರು ಹುಡುಗಿಯರು ಭಾನುವಾರ ಮನೆಗೆ ಬಂದು ಸಾಮಾನಿನ ಪೆಟ್ಟಿಗೆ ಬಿಚ್ಚಿ ಕೂರುತ್ತಾರೆ. ಬೆಳಕಿನ ಅಧ್ಯಾಯ ಬಾಕಿ ಉಳಿದಿದೆ, ನಿಮ್ನ ಮಸೂರ ಅಗ್ಗಕ್ಕೆ ಸಿಗುತ್ತಿಲ್ಲ. ಕನ್ನಡಕದ ಅಂಗಡಿಯವರು ಸಮೀಪ ದೃಷ್ಟಿಯವರ ಹಳೇ ಗಾಜುಗಳನ್ನು ಎತ್ತಿಡುತ್ತೇನೆಂದು ಹೇಳಿದ್ದಾರೆ. ಮುಂದಿನ ವಾರ ಹೋಗಿ ತರಬೇಕು.