ಜೀಪಿನ ಹಿಂದೆ ಜನ ಕೂರುವ ಟ್ರಾಲಿ: ನನ್ನ ಅನುಭವ

ಮೊದಲ ದಿನ ನಮ್ಮ ಟ್ರಾಲಿಗೆ ಆರು ಜನ ಹಿಂದಿನಿಂದ ಹತ್ತಿದರು. ಹತ್ತಿದ್ದೇ ತಡ, ಟ್ರಾಲಿಯ ಮೂತಿ ಮೇಲಕ್ಕೆದ್ದು ಜೀಪಿನ ಹಿಂಭಾಗವನ್ನೂ ಎತ್ತತೊಡಗಿತು. ಬದುವಿನ ಮೇಲೆ ಕೂತಿದ್ದ ಅಪ್ಪ ಕೂಗಿದರು: "ಬಂಡಿ ಹಿಂಭಾರ ಆಗ್ಯಾದ, ಇಳಸು ಅವರನ್ನ!"

ಜೀಪು ದೊಡ್ಡಪ್ಪನದು. ಮಹೀಂದ್ರ ಸಿಜೆ-3ಬಿ, ಬಾನೆಟ್ ಎತ್ತರ ಇರುವಂಥದ್ದು. ಟ್ರಾಲಿ ಸಿಕ್ಕಿದ್ದು ಕಲಬುರಗಿಯ ಒಂದು ಗುಜರಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಜೀಪಿಗೆಂದೇ ಮಾಡಿದ ಕಾಲು ಟನ್ ಟ್ರಾಲಿಯ ನಮೂನೆ ಅದು. ಆ ಟ್ರಾಲಿಗಳು ನೀರಿನಲ್ಲಿ ತೇಲುತ್ತಿದ್ದವು, ನೀರು ಬಿಡಲು ತಳದಲ್ಲಿ ಬಿರಡೆ ಇರುತ್ತಿತ್ತು. ಗಾಲಿ ಜೀಪಿನದೇ ಅಳತೆ, ಹಾಗಾಗಿ ಎರಡಕ್ಕೂ ಒಂದೇ ಸ್ಟೆಪ್ನಿ ಸಾಕು. ಎಷ್ಟು ಚೆಂದದ ಲೆಕ್ಕ ಅಲ್ವಾ?

ಆದರೆ ಅದು ಸಾಮಾನು ಹೊರಲು ಮಾಡಿದ್ದು. ನಾನು ಎರಡೂ ಬದಿಗೆ ಹಲಗೆಯ ಸೀಟು, ಮೇಲೆ ತಾಡಪತ್ರಿ ಕಟ್ಟಿ ಜನ ಕೂರುವಂತೆ ಮಾಡಿದೆ. ಚೀಲ ಇಟ್ಟಲ್ಲೇ ಇರುತ್ತದೆ. ಜನ ಹಾಗಲ್ಲ, ಹತ್ತುತ್ತಾರೆ, ಸರಿಯುತ್ತಾರೆ, ಗಾಳಿಗಾಗಿ ಹಿಂದೆ ಹೋಗಿ ಕೂರುತ್ತಾರೆ. ಹಿಂಭಾರ ಆದ ಟ್ರಾಲಿ ವೇಗ ಹೆಚ್ಚಿದಂತೆ ಅತ್ತಿತ್ತ ತೂಗಾಡುತ್ತದೆ, ಎಳೆಯುವ ಗಾಡಿಯನ್ನೂ ಜಗ್ಗುತ್ತದೆ.

ಹಳೆಯ ಕಾಲದವರು ಇದನ್ನು ಹೇಗೆ ನಿಭಾಯಿಸಿದರು ಎಂದು ಓದಿದೆ. ವಿಮಾನ ಮಾಡುತ್ತಿದ್ದ ಅಮೆರಿಕದ ಗ್ಲೆನ್ ಕರ್ಟಿಸ್ 1920ರ ದಶಕದ ಕೊನೆಗೆ ಏರೋಕಾರ್ ಎಂಬ ಟ್ರೇಲರ್ ತಂದರು. ಅದರ ಮೂತಿ ಕಾರಿನ ಬಂಪರಿಗಲ್ಲ, ಕಾರಿನ ಹಿಂಭಾಗದ ಒಳಗೇ ಬಂದು ಕೂರುತ್ತಿತ್ತು. ಅಲ್ಲಿ ವಿಮಾನದ ಟೈರೊಂದನ್ನು ಅಡ್ಡ ಮಲಗಿಸಿ, ಅದರ ನಡುವೆ ಕೊಂಡಿ ಇಳಿಸುತ್ತಿದ್ದರು. ಕುಲುಕು ಟೈರಿಗೆ, ಭಾರ ಕಾರಿನ ಹಿಂಗಾಲಿಗೆ. ದಮಾಸ್ಕಸ್‌ನಿಂದ ಬಾಗ್ದಾದಿಗೆ ಮರುಭೂಮಿಯಲ್ಲಿ ಜನ ಸಾಗಿಸುತ್ತಿದ್ದ ನೈರ್ನ್ ಸಹೋದರರೂ ಮುಂದೆ ಹೀಗೇ ಮೂತಿಯ ಭಾರವನ್ನು ಎಳೆಯುವ ಗಾಡಿಯ ಮೇಲೆ ಹೊರಿಸಿದ ಸ್ಟೀಲಿನ ಬಸ್ಸು ಓಡಿಸಿದರು. ಓದುತ್ತಾ ಹೋದಂತೆ ನನಗೆ ಅಪ್ಪನ ಮಾತೇ ಕೇಳಿಸಿತು. ನೊಗ ಎತ್ತಿನ ಹೆಗಲ ಮೇಲೆ ಸ್ವಲ್ಪ ಕೂರಬೇಕು. ಜಾಸ್ತಿ ಕೂತರೆ ಎತ್ತಿಗೆ ಕಷ್ಟ, ಕೂರದಿದ್ದರೆ ಬಂಡಿ ಮಗುಚುತ್ತದೆ.

ಗಂಜ್‌ನ ಅಡತಿ ಅಂಗಡಿಯಿಂದ ತೊಗರಿ ತೂಗುವ ಯಂತ್ರ ತಂದೆ. ಆರು ಜನರನ್ನು ಸಮನಾಗಿ ಕೂರಿಸಿ, ಕೊಂಡಿಯನ್ನು ಯಂತ್ರದ ಮೇಲಿಟ್ಟೆ. ಒಟ್ಟು ಭಾರ ಸುಮಾರು 670 ಕೆಜಿ, ಕೊಂಡಿಯ ಮೇಲೆ ಬರೀ 20. ಹತ್ತರಲ್ಲಿ ಒಂದು ಪಾಲಿನ ಹತ್ತಿರವಾದರೂ ಬೇಕು. ಸ್ಪ್ರಿಂಗ್ ಪಟ್ಟಿಗಳ ಬ್ರಾಕೆಟ್ ಕತ್ತರಿಸಿ, ಆಕ್ಸಲನ್ನು 4 ಇಂಚು ಹಿಂದಕ್ಕೆ ಸರಿಸಿದೆವು. ಮತ್ತೆ ತೂಗಿದಾಗ 60ರ ಹತ್ತಿರ ಬಂತು. ಆ ಅಂಕಿ ನೋಡಿ ಆದ ಖುಷಿ ಜೀಪು ಮೊದಲ ಸಲ ಚಾಲೂ ಆದಾಗಲೂ ಆಗಿರಲಿಲ್ಲ.

ಕೊಂಡಿಯ ವಿಷಯದಲ್ಲಿ ಒಂದು ತಪ್ಪಾಯಿತು. ಮೊದಲು ವೆಲ್ಡಿಂಗ್ ಮಾಡಿದವರು ಅದನ್ನು ಬಂಪರಿಗೇ ಅಂಟಿಸಿದ್ದರು. ಎರಡನೇ ವಾರಕ್ಕೆ ಬಿರುಕು ಬಿಟ್ಟಿತು. ಈಗ ಚಾಸಿಯ ಅಡ್ಡಪಟ್ಟಿಗೆ ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿದ್ದೇನೆ. ಕೆಳಗೆ ಎರಡು ಸರಪಳಿಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿದ್ದೇನೆ. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ. ಹತ್ತುವಾಗ ಎತ್ತದಿರಲೆಂದು ಹಿಂದೆ ಎರಡು ಊರುಗಾಲು ಕೂಡ ಇಟ್ಟಿದ್ದೇನೆ.

ಜನರನ್ನು ಕೂರಿಸಿ ಟ್ರಾಲಿಯನ್ನು ರಸ್ತೆಗೆ ತರುವುದಿಲ್ಲ, ಯಾರೂ ತರಬಾರದು. ಹೊಲದೊಳಗೆ ಮಾತ್ರ, ನಡಿಗೆಗಿಂತ ಸ್ವಲ್ಪ ಜೋರು. ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ, ಭಜ್ಜಿಯ ಬುಟ್ಟಿ ಹಿಡಿದು ಮನೆಯವರೆಲ್ಲ ಟ್ರಾಲಿಯಲ್ಲಿ ಕೂತರು. ಕೊಂಡಿಯ ಹತ್ತಿರದ ಸೀಟಿಗೆ ದೊಡ್ಡವ್ವನನ್ನು ಕೂರಿಸಿ, ಜೋಳದ ಬೆಳೆಯ ಪಕ್ಕದ ದಾರಿಯಲ್ಲಿ ಬನ್ನಿ ಗಿಡದವರೆಗೆ ಕರೆದೊಯ್ದೆ. ಚರಗ ಚೆಲ್ಲಿ ಬಂದ ಅಪ್ಪ ಕೊಂಡಿಯನ್ನು ಕಾಲಿನಿಂದ ಒತ್ತಿ ನೋಡಿ, "ಈಗ ಮುಂಭಾರ ಸರಿ ಆಗ್ಯಾದ" ಎಂದರು.