ಸ್ವಂತ ಜಮೀನಿನ ಕಾಡು ಉಳಿಸುವವರಿಗೆ ಹಣ ಕೊಡುವ ಯೋಜನೆ: ಎಲ್ಲಿಂದ ಶುರು ಮಾಡಬೇಕು?

ಕಾಡು ಕಡಿದರೆ ಮನೆಯವರ ಕೈಗೆ ಕಾಸು ಬರುತ್ತದೆ. ಉಳಿಸಿದರೆ ನೀರು, ನೆರಳು ಊರಿಗೆಲ್ಲ ಸಿಗುತ್ತದೆ, ಅವರ ಕೈ ಮಾತ್ರ ಖಾಲಿ. ಈ ನಷ್ಟ ತುಂಬಿಕೊಡಲು ನಿಮ್ಮ ಸಂಘ ಮುಂದಾಗಿದ್ದರೆ ಹೀಗೆ ಮಾಡಿ.

ಮೊದಲು, ಮರ ಯಾಕೆ ಉರುಳುತ್ತಿದೆ ಅಂತ ಮನೆಮನೆಗೆ ಹೋಗಿ ಕೇಳಿ. ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮಗುವಿಗೆ ರಾತ್ರಿಯಿಡೀ ಜ್ವರ, ಬೆಳಗ್ಗೆ ಆಸ್ಪತ್ರೆಗೆ ದುಡ್ಡಿಲ್ಲ. ಮರದ ವ್ಯಾಪಾರಿ ಅಂಗಳದಲ್ಲೇ ನೋಟು ಎಣಿಸುತ್ತಾನೆ. ಮಧ್ಯಾಹ್ನದೊಳಗೆ ದೊಡ್ಡ ಮರ ನೆಲಕ್ಕೆ! ಅವರಿಗೆ ಕಾಡಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಬೇರೆ ದಾರಿ ಇರಲಿಲ್ಲ. ಹಾಗಾಗಿ ವರ್ಷದ ಹಣದ ಜೊತೆಗೆ ತುರ್ತಿಗೊಂದು ಸಣ್ಣ ಸಾಲವೂ ಸಿಗುವಂತೆ ಮಾಡಿ. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಇದೇ ಮುಖ್ಯ.

ಆಮೇಲೆ ದರ. ಅದೇ ಜಾಗದಲ್ಲಿ ಬೆಳೆ ಇಟ್ಟರೆ, ಇದ್ದಿಲು ಸುಟ್ಟರೆ ಖರ್ಚು ಕಳೆದು ಎಷ್ಟು ಉಳಿಯುತ್ತದೆ, ಲೆಕ್ಕ ಹಾಕಿ. ದರ ಅದಕ್ಕೆ ಹತ್ತಿರ ಇರಲಿ. ಉಗಾಂಡದ 121 ಹಳ್ಳಿಗಳಲ್ಲಿ 2011ರಿಂದ 2013ರವರೆಗೆ ಇದರ ಪ್ರಯೋಗ ನಡೆಯಿತು. 60 ಹಳ್ಳಿಗಳ ಕಾಡಿನ ಮಾಲೀಕರಿಗೆ ಹೆಕ್ಟೇರ್‌ಗೆ ವರ್ಷಕ್ಕೆ 70,000 ಶಿಲ್ಲಿಂಗ್, ಅಂದರೆ ಆಗಿನ ಸುಮಾರು 28 ಡಾಲರ್ ಕೊಡುವುದಾಗಿ ಹೇಳಲಾಯಿತು. ಆ ಹಳ್ಳಿಗಳಲ್ಲಿ ಮರಗಳ ಹೊದಿಕೆ ಶೇ 4.2ರಷ್ಟು ಕುಗ್ಗಿತು. ಉಳಿದ ಹಳ್ಳಿಗಳಲ್ಲಿ ಶೇ 9.1! ಅದೂ ಅರ್ಹರಲ್ಲಿ ಮೂರನೇ ಒಂದು ಭಾಗದಷ್ಟು ಜನ ಮಾತ್ರ ಸೇರಿದ್ದಾಗ.

ಜನ ಸೇರಬೇಕಾದರೆ ಭಯ ಹೋಗಬೇಕು ಅಲ್ವಾ? ಒಪ್ಪಂದ ಒಂದೇ ಪುಟದಲ್ಲಿರಲಿ, ಅವರ ಮಾತಿನಲ್ಲೇ ಇರಲಿ. ಜಮೀನು ಅವರದ್ದೇ, ಯಾರೂ ಕಸಿಯುವುದಿಲ್ಲ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಓದು ಬಾರದವರಿಗೆ ನಿಧಾನವಾಗಿ ಓದಿ ಹೇಳಿ. ಮನೆಯ ಹೆಂಗಸರೂ ಸಹಿ ಮಾಡಲಿ. ಒಣ ಸೌದೆ ಆಯಲು, ಜೇನು, ಹಣ್ಣು ತರಲು ಅಡ್ಡಿ ಬೇಡ. ಆದರೆ ಆ ಮನೆಯ ಕಾಡೆಲ್ಲವೂ ಒಪ್ಪಂದದೊಳಗೆ ಬರಬೇಕು. ಒಂದು ತುಂಡು ಮಾತ್ರ ಬರೆಸಿಕೊಂಡರೆ ಕೊಡಲಿ ಪಕ್ಕದ ತುಂಡಿಗೆ ಹೋಗುತ್ತದೆ.

ಸಹಿ ಆದ ದಿನವೇ ಮನೆಯವರ ಜೊತೆ ಕಾಡು ಸುತ್ತಿ. ಹಳೆಯ ಮೋಟುಗಳಿಗೆಲ್ಲ ಬಣ್ಣ ಬಳಿಯಿರಿ. ಮುಂದಿನ ಸಲ ಹೇಳದೆ ಹೋದಾಗ ಬಣ್ಣವಿಲ್ಲದ ಮೋಟು ಕಂಡರೆ ಬಗ್ಗಿ ನೋಡಿ. ಕಡಿದ ಜಾಗ ಇನ್ನೂ ಬೆಳ್ಳಗಿದ್ದು ಬೆರಳಿಗೆ ಅಂಟಿದರೆ ಅದು ಮೊನ್ನೆ ಮೊನ್ನೆ ಕಡಿದದ್ದು. ಜಗಳಕ್ಕೆ ಜಾಗವೇ ಇರುವುದಿಲ್ಲ. ದೊಡ್ಡ ಕಾಡಾದರೆ ಉಪಗ್ರಹ ಚಿತ್ರವನ್ನೂ ನೋಡಿ.

ತಪಾಸಣೆ ಮುಗಿದ ಮೇಲೆ ಹಣ ತಡ ಮಾಡಬೇಡಿ. ಒಂದು ಕಂತು ತಪ್ಪಿದರೂ ನಂಬಿಕೆ ಹೋಗುತ್ತದೆ.

ದುಡ್ಡಿನ ಮೂಲವನ್ನು ಮಾತ್ರ ಮೊದಲ ಕಂತಿಗೂ ಮುಂಚೆ ಗಟ್ಟಿ ಮಾಡಿಕೊಳ್ಳಿ. ಕೋಸ್ಟರಿಕ 1997ರಿಂದ ಇಂಥ ಹಣ ಕೊಡುತ್ತಿದೆ, ಅದರ ದೊಡ್ಡ ಪಾಲು ಇಂಧನ ತೆರಿಗೆಯಿಂದ ಬರುತ್ತದೆ. ನಿಮ್ಮಲ್ಲಿ ಆ ಕಾಡಿನ ಕೆಳಗೆ ನೀರು ಬಳಸುವ ಊರು ಇದ್ದರೆ, ನೀರಿನ ಬಿಲ್ಲಿನಲ್ಲಿ ಒಂದು ಸಣ್ಣ ಪಾಲು ಕೇಳಿ ನೋಡಿ.