ನಗಿಸಲು ಬರೆದ ಪ್ರೇಮಕಥೆಗೆ ಓದುಗರು ಏನಂದರು

ನಾನು ಸ್ಟಾರ್ ಟ್ರೆಕ್ ಅನ್ನುವ ಅಮೆರಿಕದ ಬಾಹ್ಯಾಕಾಶ ಟಿವಿ ಸರಣಿಯ ಲೋಕದೊಳಗೆ ತಮಾಷೆಯ ಪ್ರೇಮಕಥೆಗಳನ್ನು ಬರೆಯುತ್ತೇನೆ. ಫ್ಯಾನ್ ಫಿಕ್ಷನ್ ಅಂತಾರಲ್ಲ, ಅದೇ. ಗ್ರಹಗಳು, ಹಡಗುಗಳು, ನಿಯಮಗಳು ಎಲ್ಲಾ ಬೇರೆಯವರು ಮಾಡಿಟ್ಟದ್ದು. ಅಲ್ಲಿ ಓಡಾಡುವ ನನ್ನ ಹುಡುಗ ಹುಡುಗಿ ಮಾತ್ರ ನನ್ನವರು. ಇದರಲ್ಲಿ ದುಡ್ಡು ಹುಟ್ಟುವುದಿಲ್ಲ. ಹುಟ್ಟುವುದು ಓದುಗರ ಮಾತು ಅಷ್ಟೇ. ಹಾಗಾಗಿ ಆ ಮಾತನ್ನು ಸರಿಯಾಗಿ ಓದುವುದನ್ನು ನಾನು ಬರೆಯುವಷ್ಟೇ ಶ್ರದ್ಧೆಯಿಂದ ಕಲಿತೆ.

ಈ ಅಭ್ಯಾಸ ಹೊಸದೇನಲ್ಲ. 1967ರಲ್ಲೇ ಅಮೆರಿಕದಲ್ಲಿ ‘ಸ್ಪಾಕನೇಲಿಯಾ’ ಅನ್ನುವ ಅಭಿಮಾನಿಗಳ ಪತ್ರಿಕೆ ಬಂದಿತ್ತು. ಆ ಕಾಲದಲ್ಲಿ ಕಥೆ ಓದಿದವರು ಅಂಚೆಯಲ್ಲಿ ಕಾಗದ ಬರೆಯುತ್ತಿದ್ದರು. ಈಗ ‘ಆರ್ಕೈವ್ ಆಫ್ ಅವರ್ ಓನ್’ನಂಥ ಆನ್‌ಲೈನ್ ಕಥಾಭಂಡಾರ ಇದೆ. 2009ರಲ್ಲಿ ಎಲ್ಲರಿಗೂ ತೆರೆದದ್ದು, 2019ರಲ್ಲಿ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿಯನ್ನೂ ಪಡೆಯಿತು. ಅಲ್ಲಿ ‘ಕುಡೋಸ್’ ಅಂತ ಒಂದು ಗುಂಡಿ. ಒತ್ತಿದರೆ ಇಷ್ಟವಾಯಿತು ಅಂತ. ಯಾಕೆ ಇಷ್ಟವಾಯಿತು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ, ಅಲ್ವಾ?

ನನಗೆ ಜಾಸ್ತಿ ಕಲಿಸಿದ್ದು ಒಂದೇ ಕಥೆ. ಅದರಲ್ಲಿ ಒಬ್ಬ ಮನುಷ್ಯ ಎಂಜಿನಿಯರ್, ಒಬ್ಬಳು ವಲ್ಕನ್ ಸಸ್ಯವಿಜ್ಞಾನಿ. ವಲ್ಕನ್ ಅಂದರೆ ಆ ಲೋಕದಲ್ಲಿ ಭಾವನೆಗಿಂತ ತರ್ಕವನ್ನೇ ನಂಬುವ ಅನ್ಯಗ್ರಹದವರು. ಜನರನ್ನು ಕ್ಷಣದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವ ಟ್ರಾನ್ಸ್‌ಪೋರ್ಟರ್ ಯಂತ್ರ ಕೆಟ್ಟು ಹುಡುಗನ ದನಿ ಮೊದಲು ಬರುತ್ತದೆ, ಮೈ ಆಮೇಲೆ ಬರುತ್ತದೆ. ಅವನು ಪ್ರೀತಿ ಹೇಳಿಕೊಳ್ಳುವುದನ್ನು ಗುಟ್ಟಾಗಿ ಅಭ್ಯಾಸ ಮಾಡುತ್ತಿದ್ದಾನೆ. ಎಲ್ಲವೂ ಅವಳಿಗೆ ಮೊದಲೇ ಕೇಳಿಸುತ್ತದೆ. ಅವನು ಬಂದು ನಿಂತು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಅವಳು, ‘ಎರಡನೆಯ ಸಲ ಹೇಳಿದ್ದೇ ವಾಸಿ, ವ್ಯಾಕರಣ ಸರಿಯಿತ್ತು’ ಅನ್ನುತ್ತಾಳೆ.

ಆ ವ್ಯಾಕರಣದ ಸಾಲನ್ನು ಓದುಗರು ಮತ್ತೆ ಮತ್ತೆ ಎತ್ತಿ ಬರೆದರು. ಖುಷಿಯಾಯಿತು. ಆದರೆ ಅದರ ಕೆಳಗೇ ಇಬ್ಬರೂ ಎರಡು ಬೆರಳು ತಾಗಿಸುವ ಗಳಿಗೆ ಇತ್ತು. ವಲ್ಕನ್ ಗಂಡ ಹೆಂಡತಿ ಹೀಗೆ ಬೆರಳು ತಾಗಿಸಿಕೊಂಡು ಪ್ರೀತಿ ತೋರಿಸುವುದನ್ನು 1967ರ ಕಂತೊಂದರಲ್ಲಿ ಸರಣಿಯ ಮುಖ್ಯ ಪಾತ್ರ ಸ್ಪಾಕ್‌ನ ಅಪ್ಪ ಅಮ್ಮನೇ ಮಾಡಿ ತೋರಿಸಿದ್ದಾರೆ. ಈ ಲೋಕ ಗೊತ್ತಿದ್ದವರಿಗೆ ಅದು ಮುತ್ತು ಕೊಟ್ಟಂತೆಯೇ. ಅದರ ಬಗ್ಗೆ ಯಾರೂ ಉಸಿರೆತ್ತಲಿಲ್ಲ. ಯಾಕೆ ಅಂತ ಯೋಚಿಸಿದೆ. ನಗುತ್ತಿದ್ದ ಓದುಗ ಅದೇ ಓಟದಲ್ಲಿ ಬೆರಳುಗಳನ್ನು ದಾಟಿ ಹೋಗಿದ್ದ. ಜೋಕನ್ನು ತೆಗೆಯಲಿಲ್ಲ. ನಡುವೆ ಒಂದು ಬೇಜಾರಿನ ಪ್ಯಾರಾ ಹಾಕಿದೆ: ಅವಳು ಗಿಡಕ್ಕೆ ನೀರು ಹಾಕುತ್ತಾಳೆ, ತೇವ ಅಳೆಯುತ್ತಾಳೆ, ಬರೆದಿಟ್ಟುಕೊಳ್ಳುತ್ತಾಳೆ. ನಗು ಇಳಿಯಲು ಅಷ್ಟು ಸಮಯ ಸಾಕು. ಆಮೇಲೆ ಓದಿದವರು ಬೆರಳುಗಳ ಬಗ್ಗೆಯೇ ಬರೆಯತೊಡಗಿದರು.

ಆವತ್ತಿನಿಂದ ಓದುಗರು ಎತ್ತಿ ಬರೆಯುವ ಸಾಲಿನ ಜೊತೆಗೆ, ಬಿಟ್ಟುಬಿಟ್ಟ ಸಾಲನ್ನೂ ಗುರುತು ಮಾಡುತ್ತೇನೆ. ಕಥೆ ಹೊರಗೆ ಬಿಡುವ ಮೊದಲು ಓದಿಕೊಡುವ ಗೆಳತಿಗೂ ಎರಡೇ ಪ್ರಶ್ನೆ ಕೇಳುತ್ತೇನೆ: ಎಲ್ಲಿ ನಕ್ಕೆ? ಎಲ್ಲಿ ನಿಂತೆ? ‘ಹೇಗಿದೆ’ ಅಂತ ಕೇಳಿದರೆ ‘ಚೆನ್ನಾಗಿದೆ ಕಣೇ’ ಅಂತಲೇ ಬರುತ್ತದೆ. ಅದನ್ನು ಇಟ್ಟುಕೊಂಡು ಏನು ಮಾಡಲಿ?

ವಿಜ್ಞಾನ ತಿದ್ದಲು ಬರುವವರು ಬೇರೆ ಜಾತಿ. ದನಿ ಗಾಳಿಯಲ್ಲಿ ಹೋಗುವ ಕಂಪನ, ಅದು ಹೇಗೆ ಮೈ ಬಿಟ್ಟು ಮೊದಲೇ ಬಂತು ಅಂತ ಕೇಳುತ್ತಾರೆ. ಇಂಥವರಿಗೆ ಮೈಕಲ್ ಒಕುಡಾ ದಾರಿ ತೋರಿಸಿದ್ದಾರೆ. ಅವರು ಆ ಸರಣಿಗೆ ದುಡಿದವರು. ಟ್ರಾನ್ಸ್‌ಪೋರ್ಟರ್‌ನೊಳಗಿನ ಕಾಲ್ಪನಿಕ ಭಾಗ ‘ಹೈಸನ್‌ಬರ್ಗ್ ಕಾಂಪೆನ್ಸೇಟರ್’ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿದಾಗ, ‘ತುಂಬಾ ಚೆನ್ನಾಗಿ ಮಾಡುತ್ತದೆ, ಥ್ಯಾಂಕ್ಸ್’ ಅಂದರಂತೆ. ನಾನೂ ಅದೇ ಧಾಟಿಯಲ್ಲಿ ಉತ್ತರಿಸುತ್ತೇನೆ. ಆದರೆ ಇವರನ್ನು ತಳ್ಳಿಹಾಕುವುದಿಲ್ಲ. ತಪ್ಪು ಹುಡುಕುವವರು ಒಂದು ಸಾಲೂ ಬಿಡದೆ ಓದಿರುತ್ತಾರೆ.

ಇನ್ನು ‘ನಿನ್ನ ನಾಯಕಿ ಮೇರಿ ಸ್ಯೂ’ ಅನ್ನುವ ಬೈಗುಳ. 1973ರಲ್ಲಿ ಪೌಲಾ ಸ್ಮಿತ್ ಬರೆದ ಅಣಕ ಕಥೆಯ ಹುಡುಗಿ ಅವಳು. ಹದಿನೈದೂವರೆ ವರ್ಷಕ್ಕೇ ಲೆಫ್ಟಿನೆಂಟ್, ಹಡಗಿನವರಿಗೆಲ್ಲಾ ಅವಳ ಮೇಲೆ ಕಣ್ಣು. ಈಗ ಸ್ವಲ್ಪ ಚುರುಕಾದ ಹೆಣ್ಣು ಪಾತ್ರ ಕಂಡರೂ ಸಾಕು, ಸುಮ್ನೆ ಈ ಹೆಸರು ಅಂಟಿಸಿಬಿಡುತ್ತಾರೆ. ಹಾಗೆ ಬರೆಯುವವರಿಗೆ ನಾನು ಉತ್ತರ ಕೊಡುವುದಿಲ್ಲ.

ನನಗೆ ಬಂದ ಅತಿ ಒಳ್ಳೆಯ ಪ್ರತಿಕ್ರಿಯೆ ಮೈಸೂರಿನ ಚಿಕ್ಕಮ್ಮನದು. ಅವರು ಸ್ಟಾರ್ ಟ್ರೆಕ್ ನೋಡಿದವರಲ್ಲ. ಕಥೆಯನ್ನು ಕನ್ನಡದಲ್ಲಿ ಹೇಳಿದೆ. ದನಿ ಮೊದಲು ಬರುವುದಕ್ಕೆ ಚೆನ್ನಾಗಿ ನಕ್ಕರು. ಯಂತ್ರದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ‘ಅದೆಲ್ಲಾ ಇರಲಿ, ಹುಡುಗಿ ಮನೆಯವರು ಒಪ್ಪಿದ್ರಾ?’ ಅಂದರು.

ಇಂಗ್ಲಿಷಿನಲ್ಲಿ ಓದಿದ ಒಬ್ಬರಿಗೂ ಇದು ಹೊಳೆದಿರಲಿಲ್ಲ. ನೋಡಿದರೆ ಪ್ರಶ್ನೆ ಆ ಲೋಕದ ನಿಯಮಕ್ಕೇ ಸರಿಯಾಗಿ ಕೂತುಕೊಳ್ಳುತ್ತದೆ. ವಲ್ಕನ್‌ಗಳಲ್ಲಿ ಮಕ್ಕಳಿಗೆ ಏಳು ವರ್ಷಕ್ಕೇ ಸಂಬಂಧ ಗೊತ್ತು ಮಾಡುವುದುಂಟು. 1967ರ ‘ಅಮಾಕ್ ಟೈಮ್’ ಕಂತಿನಲ್ಲಿ ಸ್ಪಾಕ್‌ಗೆ ಹಾಗೆ ಗೊತ್ತಾದವಳು ಟಿಪ್ರಿಂಗ್. ಮದುವೆಯ ಹೊತ್ತಿಗೆ ಸರಿಯಾಗಿ ಅವಳು ಒಲ್ಲೆ ಅಂದುಬಿಡುತ್ತಾಳೆ. ಅಂದಮೇಲೆ ನನ್ನ ಸಸ್ಯವಿಜ್ಞಾನಿಗೂ ಒಬ್ಬ ಗೊತ್ತಾದ ಗಂಡು ಇರಲೇಬೇಕಲ್ಲ! ಎರಡನೆಯ ಅಧ್ಯಾಯ ಅಲ್ಲೇ ಹುಟ್ಟಿತು. ಆ ಗಂಡು ಮಹಾ ಮರ್ಯಾದಸ್ಥ. ಅವನಿಗೂ ಈ ಮದುವೆ ಬೇಡ, ಆದರೆ ಬೇಡ ಅನ್ನಲು ತರ್ಕಬದ್ಧ ಕಾರಣ ಸಿಗುತ್ತಿಲ್ಲ. ಎಂಜಿನಿಯರೇ ಅವನ ಪಕ್ಕ ಕೂತು ಕಾರಣಗಳ ಪಟ್ಟಿ ಮಾಡಿಕೊಡುತ್ತಾನೆ.

ಆ ಅಧ್ಯಾಯಕ್ಕೆ ಬಂದ ಮಾತು ಎರಡು ಥರ. ಹೊರದೇಶದವರು ‘ಅನ್ಯಗ್ರಹದ ಪದ್ಧತಿಯನ್ನು ಎಷ್ಟು ವಿವರವಾಗಿ ಕಲ್ಪಿಸಿದ್ದೀರಿ’ ಅಂದರು. ನಮ್ಮ ಕಡೆಯವರು ‘ಇದು ನಮ್ಮ ದೊಡ್ಡಪ್ಪನ ಮನೆ ಕಥೆ’ ಅಂದರು. ಇಬ್ಬರಿಗೂ ಥ್ಯಾಂಕ್ಸ್ ಹೇಳಿದೆ. ಮದುವೆ ಯಾವಾಗ ಅಂತ ಕೇಳುವವರಿಗೆ ಮಾತ್ರ ಬಾಯಿ ಬಿಡುತ್ತಿಲ್ಲ. ಬಿಟ್ಟರೆ ಮೂರನೆಯ ಅಧ್ಯಾಯ ಯಾರು ಓದುತ್ತಾರೆ?